‘ಮಾತ್ರೆ ನಾಟುತ್ತಾ?’: ಹೆಪಟೈಟಿಸ್ ಲೆಕ್ಕದಲ್ಲಿ ನಾವು ಬಿಟ್ಟುಬಿಟ್ಟ ಕಾಲಂ

ಭೀಮಸಮುದ್ರದಿಂದ ಅಡಿಕೆ ಲೋಡ್ ಹೊರುವ ಲಾರಿಯ ಡ್ರೈವರ್ ಒಬ್ಬರು ಹೋದ ವರ್ಷ ಹರ್ನಿಯಾ ಆಪರೇಷನ್ ಮಾಡಿಸಿಕೊಳ್ಳಲು ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋದರು. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ‘ಎಚ್‌ಸಿವಿ ಪಾಸಿಟಿವ್’ ಅಂತ ಬಂತು. ಅಂದರೆ ಹೆಪಟೈಟಿಸ್ ಸಿ ವೈರಸ್ಸು ಮೈಗೆ ಹೊಕ್ಕಿದ ಗುರುತು. ಆಪರೇಷನ್ ಕ್ಯಾನ್ಸಲ್ ಆಯ್ತು. ‘ದೊಡ್ಡಾಸ್ಪತ್ರೆಗೆ ತೋರಿಸಿ’ ಅಂತ ಒಂದು ಚೀಟಿ ಬರೆದುಕೊಟ್ಟು ಕಳಿಸಿದರು.

ಅವರಿಗೆ ನನ್ನ ನಂಬರ್ ಸಿಕ್ಕಿದ್ದು ಗೆಳೆಯನೊಬ್ಬನ ಮೂಲಕ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಊರ ಕಡೆಯವರು ಡಾಕ್ಟರ್ ಕೆಲಸವನ್ನೂ, ಲಾಯರ್ ಕೆಲಸವನ್ನೂ ಸೇರಿಸಿಯೇ ಕೊಟ್ಟಿರುತ್ತಾರೆ. ಫೋನಿನಲ್ಲಿ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. “ಸಾರ್, ಒಂದ್ ಮಾತು ಹೇಳ್ರಿ. ಈ ಮಾತ್ರೆ ನಾಟುತ್ತಾ? ನಾಟಾಂಗಿದ್ರೆ ಸಾಲನಾದ್ರೂ ಮಾಡ್ತೀನಿ. ನಾಟಲ್ಲ ಅಂದ್ರೆ ಯಾಕ್ ಸುಮ್ನೆ, ಮಗಳ ಮದುವೆ ಬೇರೆ ಐತೆ.”

ಆ ಮಾತಿನಲ್ಲಿ ಎರಡು ವಿಷಯ ಇದ್ದವು. ಮೊದಲನೆಯದು, ಈ ಕಾಯಿಲೆಯ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 2018ರ ಜುಲೈ 28ಕ್ಕೆ. ಪರೀಕ್ಷೆಯೂ ಉಚಿತ, ಚಿಕಿತ್ಸೆಯೂ ಉಚಿತ. ಇಷ್ಟು ವರ್ಷ ಕಳೆದ ಮೇಲೂ ಭೀಮಸಮುದ್ರದ ಮನುಷ್ಯನಿಗೆ ಸಾಲದ ಯೋಚನೆ. ಎರಡನೆಯದು, ‘ನಾಟುತ್ತಾ?’ ಅನ್ನೋ ಪ್ರಶ್ನೆ. ಅಂತಿಂಥ ಪ್ರಶ್ನೆ ಅಲ್ಲ ಅದು. ಜಗತ್ತಿನ ದೊಡ್ಡ ದೊಡ್ಡ ಲ್ಯಾಬುಗಳು ಎರಡು ದಶಕಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ.

ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿದ್ದು 1989ರಲ್ಲಿ. ಆ ದಾರಿಯಲ್ಲಿ ದುಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೆ 2020ರಲ್ಲಿ ನೊಬೆಲ್ ಬಂತು. ಆದರೆ ವೈರಸ್ ಸಿಕ್ಕಿದ ಮೇಲೂ ಬಹಳ ವರ್ಷ ನೆಟ್ಟಗಿನ ಔಷಧಿ ಇರಲಿಲ್ಲ. ಇದ್ದಿದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವೈರಿನ್ ಮಾತ್ರೆ. ವೈರಸ್ಸಿನ ಜಾತಿ ನೋಡಿಕೊಂಡು 24 ವಾರ ಇಲ್ಲವೇ 48 ವಾರ. ಜ್ವರ, ರಕ್ತಹೀನತೆ, ಕೂದಲು ಉದುರೋದು, ಕೆಲವರಿಗೆ ಸಾಯಬೇಕು ಅನ್ನಿಸುವಷ್ಟು ಖಿನ್ನತೆ. ಖರ್ಚು ಲಕ್ಷಗಟ್ಟಲೆ. ಇಷ್ಟೆಲ್ಲ ಪಟ್ಟಮೇಲೆ ಜೀನೋಟೈಪ್ 1 ಇದ್ದವರಲ್ಲಿ ವಾಸಿಯಾಗುತ್ತಿದ್ದವರು ಹೆಚ್ಚುಕಮ್ಮಿ ಅರ್ಧ. ನಮ್ಮ ದೇಶದಲ್ಲಿ ಹೆಚ್ಚಾಗಿರುವ ಜೀನೋಟೈಪ್ 3ರಲ್ಲಿ ಸ್ವಲ್ಪ ವಾಸಿ, 100ಕ್ಕೆ 70–80.

ಅಂಥಾ ಕಾಲದಲ್ಲಿ ಯಾರಿಗೆ ನಾಟುತ್ತೆ ಅಂತ ಮೊದಲೇ ಹೇಳೋದು ಐಷಾರಾಮಿ ಸಂಶೋಧನೆ ಆಗಿರಲಿಲ್ಲ, ಕರುಣೆಯ ಕೆಲಸ ಆಗಿತ್ತು. 12ನೇ ವಾರಕ್ಕೆ ರಕ್ತದಲ್ಲಿನ ವೈರಸ್ಸು ನೂರನೇ ಒಂದು ಭಾಗಕ್ಕೆ ಇಳಿಯದಿದ್ದರೆ ಡಾಕ್ಟರು ಔಷಧಿ ನಿಲ್ಲಿಸುತ್ತಿದ್ದರು. ಮುಂದೆ ಕೊಟ್ಟರೂ ನಾಟಲ್ಲ ಅಂತ. 2009ರಲ್ಲಿ ಐಎಲ್28ಬಿ ಅನ್ನೋ ಜೀನ್ ಪಕ್ಕದ ಒಂದೇ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಆ ಜಾಗದಲ್ಲಿ ಎರಡೂ ಪ್ರತಿ ‘ಸಿ’ ಇದ್ದವರಿಗೆ ಇಂಟರ್‌ಫೆರಾನ್ ನಾಟುವ ಸಾಧ್ಯತೆ ಸುಮಾರು ಎರಡು ಪಟ್ಟು. ಅಪ್ಪ ಅಮ್ಮ ಕೊಟ್ಟ ಒಂದು ಅಕ್ಷರ ನಿಮ್ಮ ಲಿವರ್‌ನ ಭವಿಷ್ಯ ಹೇಳ್ತಿತ್ತು! ಭವಿಷ್ಯ ಹೇಳುವ ಮಾಡೆಲ್ಲುಗಳ ಸುಗ್ಗಿ ಶುರುವಾಯ್ತು. ವಯಸ್ಸು, ತೂಕ, ವೈರಲ್ ಲೋಡ್, ಜೀನ್ ಎಲ್ಲವನ್ನೂ ತುಂಬಿ ರುಬ್ಬುವ ಪೇಪರುಗಳು ಸಾಲುಸಾಲಾಗಿ ಬಂದವು.

ಆ ಸುಗ್ಗಿಯಲ್ಲಿ ಒಂದು ಹಿಡಿ ಕಾಳು ನಮ್ಮದೂ ಇತ್ತು ಅಂತ ಒಪ್ಪಿಕೊಳ್ಳಬೇಕು. ಕೊನೇ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಹುಡುಗರು ಆರಿಸಿಕೊಂಡಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಪ್ರಸಿದ್ಧ ಹೆಪಟೈಟಿಸ್ ಡೇಟಾಸೆಟ್. 1988ರಿಂದ ಲೋಕದ ವಿದ್ಯಾರ್ಥಿಗಳೆಲ್ಲ ಅದನ್ನೇ ಅರೆದಿದ್ದಾರೆ. 155 ರೋಗಿಗಳು, 19 ಕಾಲಂ, ಕೊನೆಗೆ ಬದುಕಿದರೋ ಸತ್ತರೋ ಅನ್ನೋ ಒಂದು ಉತ್ತರ. ವೇಕಾ ಸಾಫ್ಟ್‌ವೇರ್‌ಗೆ ಹಾಕಿ ಶೇ 85 ‘ಅಕ್ಯುರೆಸಿ’ ತೆಗೆದು ಬೀಗಿದ್ವಿ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಕೇಳಿದ್ದು ಒಂದೇ ಪ್ರಶ್ನೆ: “155ರಲ್ಲಿ ಬದುಕಿದವರು ಎಷ್ಟಪ್ಪಾ?” 123. “ಹಂಗಾದ್ರೆ ಏನೂ ನೋಡದೆ ಎಲ್ಲರಿಗೂ ‘ಬದುಕ್ತಾನೆ’ ಅಂದಿದ್ರೂ ಶೇ 79 ಬರ್ತಿತ್ತಲ್ಲ?” ನಮ್ಮ ಕಂಪ್ಯೂಟರ್ರು ಒಂದಿಡೀ ಸೆಮಿಸ್ಟರ್ ಬೆವರಿದ್ದು ಉಳಿದ ಆರು ಪರ್ಸೆಂಟಿಗೆ.

ಆ ಮೇಷ್ಟ್ರ ಪ್ರಶ್ನೆಯನ್ನೇ ಇವತ್ತಿನ ಹೆಪಟೈಟಿಸ್ ಸಿಗೆ ಕೇಳಬೇಕು.

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ದಿನಕ್ಕೊಂದರಂತೆ 84 ದಿನ, 84 ಮಾತ್ರೆ, 84,000 ಡಾಲರ್. ಮಾತ್ರೆಯೊಂದಕ್ಕೆ ಸಾವಿರ ಡಾಲರ್! ಅದರ ಮೇಲೆ ದೊಡ್ಡ ರಾಜಕೀಯವೇ ನಡೆಯಿತು. ಪೇಟೆಂಟ್ ವಿರುದ್ಧ ನಮ್ಮಲ್ಲಿ ಹೋರಾಟಗಾರರು ತಕರಾರು ಹಾಕಿದರು. 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಕಂಪನಿ 7 ಜೆನೆರಿಕ್ ತಯಾರಕರಿಗೆ ಲೈಸೆನ್ಸ್ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಅದರಲ್ಲಿತ್ತು. ಪೈಪೋಟಿಯಲ್ಲಿ ಬೆಲೆ ಪಾತಾಳಕ್ಕೆ ಇಳಿಯಿತು. ಇವತ್ತು ಸರ್ಕಾರಿ ಕಾರ್ಯಕ್ರಮದಲ್ಲಿ ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್, ಸಿರೋಸಿಸ್ ಇದ್ದವರಿಗೆ ಸೊಫೊಸ್ಬುವಿರ್ ಜೊತೆ ವೆಲ್ಪಾಟಾಸ್ವಿರ್ ಕೊಡ್ತಾರೆ. ಬಹುತೇಕರಿಗೆ 12 ವಾರ. ಸೂಜಿ ಇಲ್ಲ.

ಈಗ ಲೆಕ್ಕ ಹಾಕಿ. ಲಿವರ್ ಇನ್ನೂ ಗಟ್ಟಿಯಿರುವ 100 ಜನರಲ್ಲಿ 95ಕ್ಕೂ ಹೆಚ್ಚು ಜನ ವಾಸಿಯಾಗ್ತಾರೆ ಅಂದ್ಮೇಲೆ, ‘ಎಲ್ಲರಿಗೂ ನಾಟುತ್ತೆ’ ಅನ್ನುವ ದಡ್ಡ ಮಾಡೆಲ್ಲೇ ಶೇ 95 ಸರಿ. ಅದಕ್ಕಿಂತ ಬುದ್ಧಿವಂತಿಕೆ ತೋರಿಸಲು ಎಐ ಬೇಕಿಲ್ಲ. ಐಎಲ್28ಬಿ ಪರೀಕ್ಷೆ ಹೆಚ್ಚುಕಮ್ಮಿ ಮೂಲೆಗೆ ಸೇರಿತು. ‘ಕೃತಕ ಬುದ್ಧಿಮತ್ತೆಯಿಂದ ಹೆಪಟೈಟಿಸ್ ಚಿಕಿತ್ಸೆಯ ಭವಿಷ್ಯ’ ಅಂತ ಪಿಪಿಟಿ ಹಿಡಿದು ಬರೋರನ್ನ ಕಂಡಾಗ ನನಗೆ ಆ ಎಕ್ಸಾಮಿನರ್ ನೆನಪಾಗ್ತಾರೆ.

ಹಾಗಾದರೆ ನಾಟದೇ ಉಳಿಯುವ ಆ ನಾಲ್ಕೈದು ಜನ ಯಾರು? ಇಲ್ಲೇ ಕಥೆ ಇರೋದು.

2015ರಲ್ಲಿ ಪ್ರಕಟವಾದ ಆಲಿ–3 ಅನ್ನೋ ಪ್ರಯೋಗದಲ್ಲಿ ಜೀನೋಟೈಪ್ 3ರ ರೋಗಿಗಳಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ 12 ವಾರ ಕೊಟ್ಟರು. ಸಿರೋಸಿಸ್ ಇಲ್ಲದವರಲ್ಲಿ ಶೇ 96 ವಾಸಿ. ಸಿರೋಸಿಸ್ ಆಗಿದ್ದವರಲ್ಲಿ ಶೇ 63. ಅದೇ ವೈರಸ್, ಅದೇ ಮಾತ್ರೆ, ಅದೇ 84 ದಿನ. ಆಮೇಲೆ ವೆಲ್ಪಾಟಾಸ್ವಿರ್ ಬಂದು ಸಿರೋಸಿಸ್ ಇದ್ದವರಲ್ಲೂ ಇದು ಶೇ 90ರ ಆಸುಪಾಸಿಗೆ ಏರಿತು, ನಿಜ. ಆದರೆ ವೈರಸ್ ಹೋದ ಮೇಲೂ ಗಾಯಗಟ್ಟಿದ ಲಿವರ್ ಪೂರ್ತಿ ಹೊಸದಾಗಲ್ಲ. ಲಿವರ್ ಕ್ಯಾನ್ಸರ್‌ನ ಕಣ್ಗಾವಲು ಮುಂದುವರೀಬೇಕು.

ಸಿರೋಸಿಸ್ ಅಂದ್ರೆ ಏನು? ವೈರಸ್ಸು ವರ್ಷಾನುಗಟ್ಟಲೆ ಲಿವರ್ ಕೆರೆದು ಕೆರೆದು ಕಟ್ಟಿಸಿದ ಗಾಯದ ಗಂಟು. ಅದಕ್ಕೆ 20–30 ವರ್ಷ ಹಿಡಿಯುತ್ತೆ. ಅಷ್ಟೂ ವರ್ಷ ಯಾರೂ ಪರೀಕ್ಷೆ ಮಾಡಲಿಲ್ಲ ಅಂತಲೇ ಅದರ ಅರ್ಥ. ಮಾತ್ರೆ ನಾಟುತ್ತೋ ಇಲ್ಲವೋ ಅಂತ ಹೇಳುವ ಅತಿ ಗಟ್ಟಿ ಅಂಕಿ ರೋಗಿಯ ಜೀನ್‌ನಲ್ಲಿಲ್ಲ, ಎಷ್ಟು ತಡವಾಗಿ ಗೊತ್ತಾಯ್ತು ಅನ್ನೋದರಲ್ಲಿದೆ. ಆ ಕಾಲಂ ಯಾವ ಡೇಟಾಸೆಟ್‌ನಲ್ಲೂ ಇರಲ್ಲ.

ನಾಲ್ಕು ಅಂಕಿ, ಒಂದು ಕ್ಯಾಲ್ಕುಲೇಟರ್

ತಡವನ್ನು ಅಳೆಯೋಕೆ ಫೈಬ್ರೋಸ್ಕ್ಯಾನ್ ಅನ್ನೋ ದುಬಾರಿ ಮೆಷಿನ್ ಇದೆ. ಭೀಮಸಮುದ್ರದವರು ಅದಕ್ಕೆ ಕಾಯಬೇಕಿಲ್ಲ. ಫಿಬ್–4 ಅಂತ ಒಂದು ಸೂತ್ರ ಇದೆ: ವಯಸ್ಸನ್ನು ಎಎಸ್‌ಟಿ ಇಂದ ಗುಣಿಸಿ, ಪ್ಲೇಟ್‌ಲೆಟ್ ಅಂಕಿಯನ್ನು (ಸಾವಿರದ ಲೆಕ್ಕದಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎಎಸ್‌ಟಿ, ಎಎಲ್‌ಟಿ ಎರಡೂ ಸಾಮಾನ್ಯ ಲಿವರ್ ಪರೀಕ್ಷೆಯಲ್ಲೇ ಬರ್ತವೆ. ಉತ್ತರ 1.45ಕ್ಕಿಂತ ಕಮ್ಮಿ ಇದ್ದರೆ ಲಿವರ್ ಹೆಚ್ಚು ಗಾಯಗೊಂಡಿಲ್ಲ, 3.25 ದಾಟಿದರೆ ಜೋರಾಗಿ ಗಾಯಗಟ್ಟಿದೆ ಅಂತ ಅನುಮಾನ.

ಡ್ರೈವರಣ್ಣ ತಮ್ಮ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ವಯಸ್ಸು 48, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 1.8 ಲಕ್ಷ. 48 ಗುಣಿಲೆ 60 ಅಂದ್ರೆ 2,880. 180 ಗುಣಿಲೆ 8 ಅಂದ್ರೆ 1,440. ಉತ್ತರ 2. ನಡುವಲ್ಲಿ ನಿಂತಿದ್ದಾರೆ. ಲಿವರ್ ಪೆಟ್ಟು ತಿನ್ನೋಕೆ ಶುರುವಾಗಿರಬಹುದು, ಕೈ ಮೀರಿಲ್ಲ. ಇದೇ ಮನುಷ್ಯ ಎಂಟು ವರ್ಷ ಬಿಟ್ಟು ಎಎಸ್‌ಟಿ 84, ಪ್ಲೇಟ್‌ಲೆಟ್ 1.2 ಲಕ್ಷ ಹೊತ್ತುಕೊಂಡು ಬಂದಿದ್ದರೆ ಇದೇ ಸೂತ್ರ 4.9 ಅಂತ ಹೇಳ್ತಿತ್ತು. ಅವರನ್ನು ಈ ಕಡೆ ಉಳಿಸಿದ್ದು ಆರೋಗ್ಯ ಇಲಾಖೆ ಅಲ್ಲ, ಹರ್ನಿಯಾ.

ಇದು ಅವರೊಬ್ಬರ ಕಥೆಯಲ್ಲ. ನಮ್ಮಲ್ಲಿ ಹೆಪಟೈಟಿಸ್ ಗೊತ್ತಾಗುವುದೇ ಹೀಗೆ, ಬೇರೆ ಯಾವುದಕ್ಕೋ ಹೋದಾಗ. ರಕ್ತದಾನ ಶಿಬಿರದಲ್ಲಿ, ಆಪರೇಷನ್ನಿಗೆ ಮುಂಚೆ, ಬಸುರಿಯ ಚೆಕಪ್‌ನಲ್ಲಿ, ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಅಂತ ಸೀಲ್ ಬಿದ್ದಾಗ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು 55 ಲಕ್ಷ. ಬಿ ಇರುವವರಲ್ಲಿ ತಮಗದು ಇದೆ ಅಂತ ಗೊತ್ತಿರುವವರು 100ಕ್ಕೆ ಮೂವರೂ ಇಲ್ಲ.

ಮೇಲಿಂದ ನಾಚಿಕೆ ಬೇರೆ. ಲಿವರ್ ಕಾಯಿಲೆ ಅಂದ್ರೆ ಊರಲ್ಲಿ ಮೊದಲು ಕೇಳೋದು ‘ಕುಡೀತಾನಾ?’ ಅಂತ. ನಮ್ಮ ಡ್ರೈವರ್ ಕುಡಿಯೋರಲ್ಲ. ‘ಕುಡೀದೆ ಬಂತು ಅಂದ್ರೆ ಯಾರು ನಂಬ್ತಾರೆ ಸಾರ್?’ ಅಂತ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಎಲ್ಲಿಂದ ಬಂತು ಅನ್ನೋದು ಅವರಿಗೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಜ್ವರಕ್ಕೆಲ್ಲ ಒಂದೇ ಸೂಜಿ ಕುದಿಸಿ ಚುಚ್ಚುತ್ತಿದ್ದ ಕಾಲ; 1990ರ ದಶಕದ ಕೊನೆಯಲ್ಲಿ ಒಂದು ಆಕ್ಸಿಡೆಂಟ್ ಆಗಿ ರಕ್ತ ಹಾಕಿಸಿಕೊಂಡಿದ್ದರಂತೆ. ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾಗಿದ್ದು 2001ರಲ್ಲಿ. ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡ ಯಾರನ್ನಾದರೂ ಯಾವ ಆಸ್ಪತ್ರೆಯಾದರೂ ಹುಡುಕಿಕೊಂಡು ಬಂದಿದೆಯಾ? ಪಕ್ಕದ ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿ ಇದೆ. ಮೇಲಿಂದ ಮೇಲೆ ರಕ್ತ, ಪ್ಲಾಸ್ಮಾ ಬೇಕಾಗುವ ಇಂಥ ರೋಗಿಗಳೂ ಡಯಾಲಿಸಿಸ್‌ನವರೂ ಸುಲಭವಾಗಿ ಹುಡುಕಬಹುದಾದ ಜನ. ಉಳಿದವರು?

ನೆಲನೆಲ್ಲಿಯ ಪಾಠ

ಒಂದು ಅಡ್ಡದಾರಿ, ಆದರೆ ಹೋಗಲೇಬೇಕು. ಚಿತ್ರದುರ್ಗ ಸೀಮೆಯಲ್ಲಿ ಕಾಮಾಲೆ ಅಂದ್ರೆ ಮೊದಲು ಹೋಗೋದು ನಾಟಿ ಔಷಧಿಗೆ. ಉಪ್ಪು, ಎಣ್ಣೆ ಬಿಟ್ಟು ಪಥ್ಯ, ನೆಲನೆಲ್ಲಿ ಅರೆದು ಕೊಡೋದು. ಬಹಳ ಜನಕ್ಕೆ ವಾಸಿಯೂ ಆಗುತ್ತೆ. ಯಾಕಂದ್ರೆ ನೀರಿನಿಂದ, ಆಹಾರದಿಂದ ಬರುವ ಹೆಪಟೈಟಿಸ್ ಎ, ಇ ಬಹುಪಾಲು ತಾನಾಗಿಯೇ ಹೋಗುವ ಕಾಯಿಲೆಗಳು. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ತಗುಲಿದರೂ 100ಕ್ಕೆ 95 ಜನರ ಮೈ ಅದನ್ನು ಓಡಿಸುತ್ತೆ. ಔಷಧಿ ನಾಟಿತು ಅಂತ ಹೇಳೋಕೆ ಮುಂಚೆ, ಔಷಧಿ ಇಲ್ಲದಿದ್ದರೂ ಎಷ್ಟು ಜನ ವಾಸಿಯಾಗುತ್ತಿದ್ದರು ಅಂತ ಗೊತ್ತಿರಬೇಕಲ್ಲ. ಮತ್ತೆ ನಮ್ಮ ಎಕ್ಸಾಮಿನರ್ ಪ್ರಶ್ನೆಯೇ.

ನೆಲನೆಲ್ಲಿಯನ್ನು ವಿಜ್ಞಾನ ಹೀಯಾಳಿಸಿ ಬಿಟ್ಟಿತ್ತು ಅಂದ್ಕೋಬೇಡಿ. ಹೆಪಟೈಟಿಸ್ ಬಿ ವೈರಸ್ ಪತ್ತೆಗೆ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್, ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಜನರ ರಕ್ತದಿಂದ ಬಿ ವೈರಸ್ಸಿನ ಗುರುತು ಮಾಯ, ಹುಸಿ ಔಷಧಿ ಕೊಟ್ಟ 23ರಲ್ಲಿ ಒಬ್ಬರಿಗೆ ಮಾತ್ರ. ಜಗತ್ತು ಕಣ್ಣರಳಿಸಿತು. ಆದರೆ ಥಾಯ್ಲೆಂಡ್ ಮುಂತಾದ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಒಂದು ಸಣ್ಣ ಪ್ರಯೋಗದ ದೊಡ್ಡ ಅಂಕಿಗೆ ಮರುಳಾಗಬಾರದು ಅನ್ನೋ ಎಚ್ಚರಿಕೆ ನಾಟಿ ಔಷಧಿಗೂ ಇರಬೇಕು, ಎಐ ಮಾಡೆಲ್‌ಗೂ ಇರಬೇಕು. ನಾಟಿ ಔಷಧಿಯಿಂದ ಆಗುವ ದೊಡ್ಡ ನಷ್ಟ ಅಂದ್ರೆ, ಕಣ್ಣಿನ ಹಳದಿ ಇಳಿದ ಮೇಲೆ ಮನುಷ್ಯ ರಕ್ತಪರೀಕ್ಷೆ ಮಾಡಿಸಲ್ಲ. ಹಾಗೆ ಕೈಬಿಟ್ಟಿದ್ದೂ ಆ ಕಾಣದ ಕಾಲಂಗೇ ಸೇರುತ್ತೆ.

ಹೆಪಟೈಟಿಸ್ ಬಿ ವಿಷಯದಲ್ಲಿ ಮಾತ್ರ ಭವಿಷ್ಯ ಹೇಳುವ ವಿದ್ಯೆ ಇನ್ನೂ ಬೇಕಾಗಿದೆ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಕಿತ್ತು ಹಾಕಲ್ಲ. ಮೇಲ್ಮೈ ಆಂಟಿಜೆನ್ ಪೂರ್ತಿ ಮಾಯವಾಗೋದು ವರ್ಷಕ್ಕೆ 100ರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಯಾರಿಗೆ ಮಾತ್ರೆ ಶುರು ಮಾಡಬೇಕು, ಯಾರು ಯಾವಾಗ ನಿಲ್ಲಿಸಬಹುದು ಅನ್ನೋದಕ್ಕೆ ವೈರಲ್ ಲೋಡ್, ಎಎಲ್‌ಟಿ, ಆಂಟಿಜೆನ್ನಿನ ಪ್ರಮಾಣ ಎಲ್ಲ ನೋಡಬೇಕು. 2024ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಗಿಲು ಇನ್ನಷ್ಟು ಅಗಲ ಮಾಡಿತು, ಮುಂಚಿಗಿಂತ ಬಹಳ ಹೆಚ್ಚು ಜನಕ್ಕೆ ಚಿಕಿತ್ಸೆ ಕೊಡಿ ಅಂತ. ಆದರೂ ಬಿ ಕಾಯಿಲೆಯಲ್ಲಿ ಮಾತ್ರೆ ಸೋಲುವುದಕ್ಕೆ ಮುಖ್ಯ ಕಾರಣ ಜೀವಶಾಸ್ತ್ರ ಅಲ್ಲ. ವರ್ಷಾನುಗಟ್ಟಲೆ ದಿನಾ ನುಂಗಬೇಕಾದ ಮಾತ್ರೆಯನ್ನು ‘ಚೆನ್ನಾಗಿದ್ದೀನಲ್ಲ’ ಅಂತ ಬಿಡೋದು, ಇಲ್ಲವೇ ಕೌಂಟರ್‌ನಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅನ್ನೋದು. ಮಧ್ಯೆ ಬಿಟ್ಟರೆ ವೈರಸ್ ಮೊದಲಿಗಿಂತ ಜೋರಾಗಿ ಎದ್ದು ಲಿವರ್ ಕೆಡಿಸಬಹುದು. ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ದೇಶಕ್ಕೆಲ್ಲ ತಲುಪಿದ್ದು 2011ರಲ್ಲಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳಷ್ಟು ಜನ ಅದಕ್ಕೂ ಮುಂಚೆ ಹುಟ್ಟಿದವರು. ನೀವು ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ನಾನು ಮಾಡಿಸಿಕೊಂಡಿದ್ದು ಈ ಲೇಖನ ಬರೆಯೋಕೆ ಕೂತ ಮೇಲೆ.

ಮೆಷಿನ್ ಇದೆ, ಚಿಪ್ ಬೇಕು

ಪಂಜಾಬ್ 2016ರ ಜೂನ್‌ನಲ್ಲೇ ಹೆಪಟೈಟಿಸ್ ಸಿಗೆ ಉಚಿತ ಚಿಕಿತ್ಸೆ ಶುರು ಮಾಡಿತು. ಚಂಡೀಗಢದ ಪಿಜಿಐ ಸ್ಪೆಷಲಿಸ್ಟ್‌ಗಳು ಜಿಲ್ಲಾಸ್ಪತ್ರೆಯ ಸಾಮಾನ್ಯ ಎಂಡಿಗಳಿಗೆ ತರಬೇತಿ ಕೊಟ್ಟರು. ಸಿರೋಸಿಸ್ ಇಲ್ಲದವರಿಗೆ ಜೀನೋಟೈಪ್ ಪರೀಕ್ಷೆಯನ್ನೇ ಕೈಬಿಟ್ಟರು. ಕೊನೆಯ ಪರೀಕ್ಷೆಗೆ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಜನ ವಾಸಿ. ‘ಬಂದವರಲ್ಲಿ’ ಅನ್ನೋ ಪದ ಗಮನಿಸಿ. ಬಾರದವರ ಕಥೆ ಯಾವ ಶೇಕಡಾವಾರಿನಲ್ಲೂ ಇರಲ್ಲ. ಈಜಿಪ್ಟ್ 2018–19ರಲ್ಲಿ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ನೋಡಿತು. ಅಲ್ಲಿ ಕಾಯಿಲೆ ಮನೆಮನೆಯಲ್ಲಿತ್ತು, ನಮ್ಮಲ್ಲಿ ಅಷ್ಟಿಲ್ಲ; ಇಡೀ ಕರ್ನಾಟಕದ ರಕ್ತ ತೆಗೀರಿ ಅಂತ ನಾನು ಹೇಳ್ತಿಲ್ಲ. 2001ಕ್ಕೆ ಮುಂಚೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನವರು, ಪಾಸಿಟಿವ್ ಬಂದವರ ಮನೆಯವರು, ಇಷ್ಟರಿಂದ ಶುರು ಮಾಡಬಹುದು.

ಮುಖ್ಯ ತೊಡಕು ಎರಡನೇ ಪರೀಕ್ಷೆ. ಮೊದಲ ಪರೀಕ್ಷೆ ತೋರಿಸೋದು ವೈರಸ್ ಎಂದಾದರೂ ಮೈಗೆ ಬಂದಿತ್ತಾ ಅಂತ. ಸಿ ವೈರಸ್ ತಗುಲಿದ 100ರಲ್ಲಿ ಸುಮಾರು 30 ಜನರ ಮೈ ತಾನೇ ಅದನ್ನು ಓಡಿಸಿರುತ್ತೆ. ಈಗಲೂ ಇದೆಯಾ ಅಂತ ಹೇಳೋದು ವೈರಲ್ ಲೋಡ್ ಪರೀಕ್ಷೆ. ಆ ಸ್ಯಾಂಪಲ್ ಊರೂರು ಸುತ್ತಿ ರಿಪೋರ್ಟ್ ಬರೋ ಹೊತ್ತಿಗೆ ಕೂಲಿ ಬಿಟ್ಟು ಮೂರು ಸಲ ಬಸ್ ಹತ್ತಿದ ಮನುಷ್ಯ ನಾಲ್ಕನೇ ಸಲ ಬರಲ್ಲ. ಸಿಟ್ಟು ಬರೋದು ಇಲ್ಲಿ. ಟಿಬಿ, ಕೋವಿಡ್ ಪರೀಕ್ಷೆಗೆ ಬಂದ ಟ್ರೂನ್ಯಾಟ್ ಮೆಷಿನ್‌ಗಳು ನಮ್ಮ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂತಿವೆ. ಅದರ ತಂತ್ರಜ್ಞಾನ ಹುಟ್ಟಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಅದೇ ಮೆಷಿನ್ನಿಗೆ ಹೆಪಟೈಟಿಸ್ ಬಿ, ಸಿ ಚಿಪ್ ಹಾಕಿದರೆ ವೈರಲ್ ಲೋಡ್ ಅಲ್ಲೇ ಗೊತ್ತಾಗುತ್ತೆ. ಎಚ್‌ಐವಿಗೆ ಎಆರ್‌ಟಿ ಸೆಂಟರ್, ಲಿಂಕ್ ಸೆಂಟರ್, ಆಪ್ತಸಮಾಲೋಚಕರು, ತಪ್ಪಿಸಿಕೊಂಡವರನ್ನು ಹುಡುಕಿಕೊಂಡು ಹೋಗೋ ವ್ಯವಸ್ಥೆ ಇದೇ ರಾಜ್ಯ ಕಟ್ಟಿದೆ. ಟೆನೊಫೊವಿರ್ ಆ ಸೆಂಟರ್‌ಗಳಲ್ಲಿ ದಿನಾ ಕೊಡುವ ಔಷಧಿಯೇ. ಹೊಸದಾಗಿ ಕಟ್ಟಬೇಕಾದ್ದು ಬಹಳ ಇಲ್ಲ. ಬೇಕಿರೋದು ಚಿಪ್‌ಗೆ ದುಡ್ಡು, ಟಿಬಿ ವಿಭಾಗಕ್ಕೂ ಹೆಪಟೈಟಿಸ್ ವಿಭಾಗಕ್ಕೂ ನಡುವಿನ ಫೈಲ್ ಗೋಡೆ ಒಡೆಯುವ ಒಂದು ಆದೇಶ, ಆಶಾ ಕಾರ್ಯಕರ್ತೆಯರ ಮೇಲೆ ಹೊಸ ಕೆಲಸ ಹೇರೋದಾದ್ರೆ ಅದಕ್ಕೆ ತಕ್ಕ ಗೌರವಧನ. ಈ ಮೂರು ಪ್ರಶ್ನೆ ನಿಮ್ಮ ಶಾಸಕರಿಗೆ ಕೇಳಬಹುದಾದವು. 2030ಕ್ಕೆ ಹೆಪಟೈಟಿಸ್ ಸಿ ನಿರ್ಮೂಲನೆ ಅಂತ ಸರ್ಕಾರವೇ ಗಡುವು ಬರೆದುಕೊಂಡಿದೆ.

ಡ್ರೈವರಣ್ಣನಿಗೆ ಸಾಲ ಬೇಡ ಅಂತ ಹೇಳಿದೆ. ವೈರಲ್ ಲೋಡ್‌ನಲ್ಲಿ ವೈರಸ್ ಇದೆ ಅಂತ ಬಂತು. 84 ಮಾತ್ರೆ ಒಂದೂ ತಪ್ಪಿಸದೆ ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಡಬ್ಬಿ ಇಟ್ಟುಕೊಂಡು ನುಂಗಿದರಂತೆ. ವಾಸಿಯಾಯ್ತಾ ಅಂತ ಗೊತ್ತಾಗಲು ಮಾತ್ರೆ ಮುಗಿದ 12 ವಾರಕ್ಕೆ ಇನ್ನೊಂದು ರಕ್ತಪರೀಕ್ಷೆ ಆಗಬೇಕು. ಆ ದಿನ ದಾಟಿ ಒಂದೂವರೆ ತಿಂಗಳಾಯ್ತು. ಮೊನ್ನೆ ಫೋನ್ ಮಾಡಿ “ಏನಣ್ಣ, ಹೋಗಿದ್ರಾ?” ಅಂತ ಕೇಳಿದೆ. ಹಿಂದೆ ಹಾರ್ನ್ ಕೇಳಿಸ್ತಿತ್ತು. “ಆರಾಮಿದೀನಿ ಸಾರ್, ಏನೂ ತೊಂದ್ರೆ ಇಲ್ಲ. ಅಡಿಕೆ ಸೀಸನ್ ಐತಲ್ಲ, ಒಂದಿನ ನಿಂತ್ರೆ ಬಾಡಿಗೆ ಹೋಗುತ್ತೆ. ಸೀಸನ್ ಮುಗೀಲಿ, ಹೋಗ್ತೀನಿ.” ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿದ್ರಾ ಅಂದೆ. “ಇಲ್ಲ ಸಾರ್, ನೀವೇ ಮೊದ್ಲು.”